ನಾಲ್ಕು ಸುವಾರ್ತೆಗಳು ಮತ್ತು ಕಾಲಗಣನೆಯ ಪ್ರಶ್ನೆ

ಫೋರ್ಟ್‌ನ ಹಾರ್ನಿಮನ್ ಸರ್ಕಲ್ ಸಮೀಪದ ಸಂತ ತೋಮಸರ ಕ್ಯಾಥೆಡ್ರಲ್ 1718ರ ಕ್ರಿಸ್ಮಸ್ ದಿನದಂದು ಆರಾಧನೆಗೆ ತೆರೆದ ಇಗರ್ಜಿ. ಚರ್ಚ್‌ಗೇಟ್ ಎಂಬ ಹೆಸರು ಬಂದುದೂ ಇದರಿಂದಲೇ. ಇಗರ್ಜಿಗೆ ಹೆಸರಿತ್ತ ಈ ಶಿಷ್ಯನಿಗೆ ಪುನರುತ್ಥಾನದ ಎಂಟು ದಿನಗಳ ಬಳಿಕ ಯೇಸುವಿನ ದರ್ಶನವಾಯಿತೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಲೂಕನ ಕೊನೆಯ ಅಧ್ಯಾಯವನ್ನು ಓದಿದರೆ ಪುನರುತ್ಥಾನದಿಂದ ಸ್ವರ್ಗಾರೋಹಣದವರೆಗೆ ಎಲ್ಲವೂ ಒಂದೇ ದಿನದಲ್ಲಿ ನಡೆದಂತೆ ತೋರುತ್ತದೆ. ಹಾಗಾದರೆ ತೋಮಸನ ಎಂಟು ದಿನಗಳಿಗೆ ಎಡೆಯೆಲ್ಲಿ? ಸೋಜಿಗವೆಂದರೆ, ಅದೇ ಲೂಕನದೆನ್ನಲಾದ ‘ಅಪೊಸ್ತಲರ ಕೃತ್ಯಗಳು’ ಗ್ರಂಥ ನಲವತ್ತು ದಿನಗಳ ಅವಧಿಯನ್ನು ಹೇಳುತ್ತದೆ. ಲೇಖಕನು ಕಥನವನ್ನು ಒಂದೆಡೆ ಸಂಕ್ಷೇಪಿಸಿ, ಇನ್ನೊಂದೆಡೆ ವಿಸ್ತರಿಸಿದನೆಂದು ತಿಳಿಯುವುದು ಯುಕ್ತ.

ಎಲ್ಲ ಭೇದಗಳೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಶಿಲುಬೆಯ ಮರಣ ಶುಕ್ರವಾರವೆಂಬುದರಲ್ಲಿ ನಾಲ್ವರೂ ಒಮ್ಮತದವರು. ಆದರೆ ಮತ್ತಾಯ, ಮಾರ್ಕ, ಲೂಕರ ಪ್ರಕಾರ ಹಿಂದಿನ ರಾತ್ರಿಯ ಕೊನೆಯ ಭೋಜನವೇ ಪಸ್ಕ ಹಬ್ಬದ ಊಟ. ಯೋಹಾನನ ಪ್ರಕಾರ ಮರುದಿನ ಬೆಳಿಗ್ಗೆಯೂ ಪಸ್ಕದ ಊಟ ಇನ್ನೂ ಆಗಬೇಕಿತ್ತು. ಮಾರ್ಕನಲ್ಲಿ ಬೆಳಗಿನ ಒಂಬತ್ತಕ್ಕೇ ಶಿಲುಬೆಗೇರಿಸಲಾಯಿತು. ಯೋಹಾನನಲ್ಲಿ ನಡುಹಗಲ ಹೊತ್ತಿಗೂ ಯೇಸು ಪಿಲಾತನ ನ್ಯಾಯಾಸನದ ಮುಂದಿದ್ದಾನೆ.

1957ರಲ್ಲಿ ಫ್ರೆಂಚ್ ವಿದುಷಿ ಆನಿ ಜೋಬೇರ್ ಒಂದು ಪರಿಹಾರ ಸೂಚಿಸಿದರು. ಆಗಿನ ಯೆಹೂದ್ಯರಲ್ಲಿ ಎರಡು ಪಂಚಾಂಗಗಳಿದ್ದವು. ಯೇಸು ಸೌರಮಾನದಂತೆ ಮೊದಲೇ ಪಸ್ಕವನ್ನು ಆಚರಿಸಿರಬೇಕೆಂಬುದು ಅವರ ವಾದ. ನಮಗೆ ಇದು ಅಪರಿಚಿತವಲ್ಲ. ಉಡುಪಿಯ ಸೌರಮಾನದ ಕೃಷ್ಣಜಯಂತಿಯೂ ಚಾಂದ್ರಮಾನದ ಗೋಕುಲಾಷ್ಟಮಿಯೂ ಕೆಲವು ವರ್ಷ ಬೇರೆ ಬೇರೆ ತಿಂಗಳುಗಳಲ್ಲಿ ಬೀಳುತ್ತವೆ. ಸ್ಮಾರ್ತರ ಮತ್ತು ಮಾಧ್ವರ ಏಕಾದಶಿ ಒಮ್ಮೊಮ್ಮೆ ಒಂದು ದಿನ ಹಿಂದುಮುಂದಾಗುವುದುಂಟು. ಆದರೆ ಜೋಬೇರರ ಊಹೆಗೆ ಸುವಾರ್ತೆಗಳಲ್ಲಿ ನೇರ ಆಧಾರವಿಲ್ಲ. ಪಸ್ಕದ ಕುರಿಮರಿಗಳನ್ನು ವಧಿಸುವ ದಿನವೇ ಯೇಸುವಿನ ಮರಣವಾಯಿತೆಂದು ತೋರಿಸುವುದು ಯೋಹಾನನ ಉದ್ದೇಶವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಯೇಸುವನ್ನು ‘ದೇವರ ಕುರಿಮರಿ’ ಎಂದು ಕರೆದ ಸುವಾರ್ತೆಯೂ ಅದೇ.

ಭಿನ್ನತೆಯನ್ನು ಅಳಿಸುವ ಯತ್ನವೂ ನಡೆದಿತ್ತು. ಕ್ರಿ.ಶ. 170ರ ಸುಮಾರಿಗೆ ತಾತಿಯಾನನು ನಾಲ್ಕನ್ನೂ ಹೆಣೆದು ‘ದಿಯಾತೆಸ್ಸರಾನ್’ ಎಂಬ ಒಂದೇ ಕಥನ ರಚಿಸಿದನು. ಹೊಂದದ ವಂಶಾವಳಿಗಳನ್ನು ಅದರಲ್ಲಿ ಬಿಟ್ಟಿದ್ದನು. ಸಿರಿಯಾದ ಇಗರ್ಜಿಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ಅದರ ಇನ್ನೂರಕ್ಕೂ ಮಿಕ್ಕ ಪ್ರತಿಗಳನ್ನು ತೆಗೆಸಿ, ಆ ಸ್ಥಾನದಲ್ಲಿ ನಾಲ್ಕು ಸುವಾರ್ತೆಗಳನ್ನೇ ಇರಿಸಿದನು.

ಬ್ಯಾಂಕಿನ ಲೆಕ್ಕ ಸಂಜೆಯೊಳಗೆ ತಾಳೆಯಾಗಲೇಬೇಕು. ಧರ್ಮಗ್ರಂಥದ ಸಾಕ್ಷ್ಯಕ್ಕೆ ಆ ನಿಯಮವನ್ನು ಹೂಡಲಾಗದು. ತಾಳೆ ಮಾಡುವ ಆತುರದಲ್ಲಿ ಒಬ್ಬ ಸಾಕ್ಷಿಯ ಮಾತು ಅಳಿದುಹೋದರೆ ನಷ್ಟ ಓದುಗನದೇ. ಭಿನ್ನತೆಯನ್ನು ಮರೆಮಾಚದೆ ಉಳಿಸಿಕೊಂಡು ಬಂದ ಆ ಪರಂಪರೆಯ ಪ್ರಾಮಾಣಿಕತೆ ಎಲ್ಲ ಮತದವರಿಗೂ ಮನನೀಯವೆಂದು ನಾವು ಭಾವಿಸುತ್ತೇವೆ.