ಗಾಂಬೆಲಾಕ್ಕೆ ಹೋದ ಬೆಂಗಳೂರಿನ ಕಂಪನಿ



ಗುಲಾಬಿ ಬೆಳೆದು ಜಗತ್ತಿನಲ್ಲೇ ಹೆಸರು ಮಾಡಿದ್ದ ಕಂಪನಿ ಬೆಂಗಳೂರಿನ ಕರುತುರಿ ಗ್ಲೋಬಲ್. ಅದು ಮೆಕ್ಕೆಜೋಳ ಬೆಳೆಯಲು ಇಥಿಯೋಪಿಯಕ್ಕೆ ಹೋದ ಕಥೆ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

2007-08ರಲ್ಲಿ ಧಾನ್ಯದ ಬೆಲೆ ಜಗತ್ತಿನಾದ್ಯಂತ ಏರಿದಾಗ, ದುಡ್ಡಿದ್ದವರೆಲ್ಲ ಅಗ್ಗದ ಭೂಮಿ ಹುಡುಕಿಕೊಂಡು ಹೊರಟರು. ಇಥಿಯೋಪಿಯದಲ್ಲಿ 1975ರಿಂದ ಭೂಮಿ ಸರ್ಕಾರದ್ದು, ರೈತನಿಗೆ ಉಳುವ ಹಕ್ಕು ಮಾತ್ರ. ಹಾಗಾಗಿ 2010ರಲ್ಲಿ ಗಾಂಬೆಲಾ ಪ್ರಾಂತದ ಒಂದು ಲಕ್ಷ ಹೆಕ್ಟೇರು ಕಂಪನಿಗೆ 50 ವರ್ಷದ ಗುತ್ತಿಗೆಗೆ ಸಿಕ್ಕಿತು. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ನಮ್ಮ ಅಂದಿನ ಲೆಕ್ಕದಲ್ಲಿ ಎರಡೂವರೆ ಎಕರೆಗೆ ಸುಮಾರು 55 ರೂಪಾಯಿ!

ಯಾರೂ ಬಳಸದ ಖಾಲಿ ಜಾಗ ಎಂದಿತು ಸರ್ಕಾರ. ಆದರೆ ಅಲ್ಲಿನ ಅನುವಾಕ್ ಜನರ ಬೇಸಾಯದ ರೀತಿಯೇ ಬೇರೆ. ನೆರೆ ಇಳಿದ ಮೇಲೆ ನದಿದಂಡೆಯ ಒದ್ದೆ ಮಣ್ಣಿನಲ್ಲಿ ಬಿತ್ತುತ್ತಾರೆ. ಕಾಡಂಚಿನಲ್ಲಿ ಕೆಲವು ವರ್ಷ ಜೋಳ ಬೆಳೆದು, ಮಣ್ಣು ದಣಿದಾಗ ಬೀಳು ಬಿಟ್ಟು, ಮುಂದೊಮ್ಮೆ ಮರಳುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಕುಮರಿ ಬೇಸಾಯ ನೆನಪಾಯಿತೇ? ಬ್ರಿಟಿಷರ ಅರಣ್ಯ ಇಲಾಖೆಯ ಕಣ್ಣಿಗೆ ಅದೂ ಹಾಳು ಕೆಲಸವಾಗಿಯೇ ಕಂಡಿತ್ತು. ಬೀಳು ಬಿಟ್ಟ ಹೊಲಕ್ಕೆ ಒಡೆಯನಿದ್ದಾನೆಂಬುದು ಹಳ್ಳಿಯ ಮಗುವಿಗೂ ಗೊತ್ತು, ನಕ್ಷೆಗೆ ಗೊತ್ತಾಗುವುದಿಲ್ಲ.

ಇದೇ ಹೊತ್ತಿನಲ್ಲಿ ಸರ್ಕಾರ ಚದುರಿದ ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸತೊಡಗಿತು. ಅದು ಬಲವಂತದ ಎತ್ತಂಗಡಿ ಎಂದು 2012ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಶಾಲೆ, ಆಸ್ಪತ್ರೆ ಕೊಡುವುದಕ್ಕೆಂದೇ ಸಾಗಿಸಿದ್ದು, ಗುತ್ತಿಗೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ಸಾಧಿಸಿತು. ತಮಗೂ ಇದಕ್ಕೂ ನಂಟಿಲ್ಲವೆಂದು ಕಂಪನಿಯೂ ಹೇಳಿತು. ಹೊಲ ಬಿಟ್ಟು ಹೋದ ಕುಟುಂಬಗಳಿಗೆ ಈ ವಾದದಿಂದ ಏನಾಗಬೇಕು ಹೇಳಿ.

ನದಿ ಮಾತ್ರ ಯಾರ ವಾದವನ್ನೂ ಕೇಳಲಿಲ್ಲ. 2011ರ ಮಳೆಗಾಲದಲ್ಲಿ ಬಾರೋ ನದಿ ಉಕ್ಕಿ, ಕಂಪನಿ ಹಾಕಿಸಿದ್ದ ಏರಿಗಳನ್ನು ದಾಟಿ ನುಗ್ಗಿತು. ಮೆಕ್ಕೆಜೋಳದ ಮೊದಲ ದೊಡ್ಡ ಬೆಳೆ ನೀರುಪಾಲಾಯಿತು. ಅನುವಾಕ್ ರೈತರು ನೆರೆ ಇಳಿಯುವುದನ್ನು ಕಾದು ಬಿತ್ತುತ್ತಿದ್ದುದು ಸುಮ್ಮನೆ ಅಲ್ಲ ನೋಡಿ! ದೊಡ್ಡ ಟ್ರ್ಯಾಕ್ಟರುಗಳಿದ್ದವು, ಆ ನದಿಯ ಗುಣ ಬಲ್ಲವರನ್ನು ಕೇಳುವ ವ್ಯವಧಾನ ಇರಲಿಲ್ಲವೇನೋ ಎಂದು ನನಗನಿಸುತ್ತದೆ. ಮುಂದೆ ಸಾಲ, ತಕರಾರು.

2015ರ ಡಿಸೆಂಬರಿನಲ್ಲಿ ಸರ್ಕಾರ ಗುತ್ತಿಗೆಯನ್ನು ರದ್ದು ಮಾಡಿತು. ಒಂದು ಲಕ್ಷ ಹೆಕ್ಟೇರಿನಲ್ಲಿ ಸಾಗುವಳಿಯಾದದ್ದು 1,200 ಮಾತ್ರ ಎಂಬುದು ಅದು ಕೊಟ್ಟ ಕಾರಣ. ಕಂಪನಿ ಒಪ್ಪಲಿಲ್ಲ. ಸಹಿ ಹಾಕುವಾಗಲೂ, ರದ್ದು ಮಾಡುವಾಗಲೂ ಆ ಕಾಗದದಲ್ಲಿದ್ದ ಹೆಸರು ಎರಡೇ: ಸರ್ಕಾರ ಮತ್ತು ಕಂಪನಿ.