ಅಭಯವಿತ್ತ ಬಂದಿನಿಯರು

ಕೊಡಲು ಏನೂ ಇಲ್ಲದವರು ಮತ್ತೊಬ್ಬರಿಗೆ ಏನನ್ನು ಕೊಡಬಲ್ಲರು? ಈ ಪ್ರಶ್ನೆಗೆ ಎರಡನೆಯ ಮಹಾಯುದ್ಧದ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಅದನ್ನಿತ್ತವರು ರಾವೆನ್ಸ್‌ಬ್ರೂಕ್ ಯಾತನಾ ಶಿಬಿರದ ಸ್ತ್ರೀಯರು.

ಬರ್ಲಿನ್ ನಗರದ ಉತ್ತರಕ್ಕೆ, ಫ್ಯೂರ್ಸ್ಟೆನ್‌ಬರ್ಗ್ ಎಂಬ ಊರಿನ ಬಳಿ, ಸರೋವರವೊಂದರ ತೀರದಲ್ಲಿ ನಾಜಿ ಸರಕಾರವು ಸ್ತ್ರೀಯರಿಗಾಗಿಯೇ ಈ ಶಿಬಿರವನ್ನು ಕಟ್ಟಿಸಿತು. 1939ರ ಮೇ ತಿಂಗಳಲ್ಲಿ ಅಲ್ಲಿಗೆ ಮೊದಲ ಬಂದಿನಿಯರನ್ನು ಕರೆತರಲಾಯಿತು. ಮುಂದಿನ ಆರು ವರ್ಷಗಳಲ್ಲಿ ಸುಮಾರು 1,20,000 ಸ್ತ್ರೀಯರು ಮತ್ತು ಮಕ್ಕಳು ಅಲ್ಲಿನ ದಾಖಲೆ ಪುಸ್ತಕಗಳಲ್ಲಿ ಒಂದೊಂದು ಸಂಖ್ಯೆಯಾದರು. ಹಸಿವು, ರೋಗ, ದುಡಿತ ಮತ್ತು ಗುಂಡೇಟಿಗೆ ಸಹಸ್ರಾರು ಮಂದಿ ಬಲಿಯಾದರು.

1942ರ ಆಗಸ್ಟ್‌ನಲ್ಲಿ ಅಲ್ಲಿ ಮತ್ತೊಂದು ಘೋರ ಕೃತ್ಯ ಆರಂಭವಾಯಿತು. ಗಾಯಗೊಂಡ ಸೈನಿಕರಿಗೆ ಸಲ್ಫಾ ಔಷಧಿಯು ಎಷ್ಟರಮಟ್ಟಿಗೆ ಪ್ರಯೋಜನಕಾರಿ ಎಂದು ತಿಳಿಯುವ ನೆಪದಲ್ಲಿ ಕಾರ್ಲ್ ಗೆಬ್‌ಹಾರ್ಟ್ ಎಂಬ ವೈದ್ಯನು ಆರೋಗ್ಯವಂತ ಬಂದಿನಿಯರ ಕಾಲುಗಳನ್ನು ಕೊಯ್ದು, ಗಾಯಗಳಲ್ಲಿ ರೋಗಾಣುಗಳನ್ನು ಸೇರಿಸಿದನು. ಕೆಲವರ ಗಾಯಗಳಿಗೆ ಮರದ ಚೂರು, ಗಾಜಿನ ಪುಡಿಗಳನ್ನೂ ತುಂಬಲಾಯಿತು. ಇನ್ನು ಕೆಲವರ ಮೂಳೆಗಳನ್ನು ಮುರಿಯಲಾಯಿತು. ಇದಕ್ಕೆ ಗುರಿಯಾದವರಲ್ಲಿ ಪೋಲೆಂಡಿನ 74 ಸ್ತ್ರೀಯರಿದ್ದರು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಶಿಬಿರದಲ್ಲಿ ಅವರಿಗೆ ‘ಮೊಲಗಳು’ ಎಂದು ಹೆಸರಾಯಿತು.

ಅವರು ಮೌನವಾಗಿ ಸಹಿಸಲಿಲ್ಲ. 1943ರ ಮಾರ್ಚ್‌ನಲ್ಲಿ ಊರುಗೋಲುಗಳ ಆಸರೆಯಿಂದ ನಡೆದು ಹೋಗಿ ಅಧಿಕಾರಿಗೆ ಲಿಖಿತ ಪ್ರತಿಭಟನೆ ಸಲ್ಲಿಸಿದರು. ಮನೆಗೆ ಬರೆದ ಪತ್ರಗಳ ಸಾಲುಗಳ ನಡುವೆ, ಮಸಿಯಿಲ್ಲದೆ ಮೂತ್ರದಿಂದಲೇ ಅದೃಶ್ಯಾಕ್ಷರಗಳಲ್ಲಿ ಸತ್ಯವನ್ನು ಬರೆದು ಕಳುಹಿಸಿದರು. 1944ರಲ್ಲಿ ಗುಟ್ಟಾಗಿ ಕಾಲುಗಳ ಛಾಯಾಚಿತ್ರ ತೆಗೆದುಕೊಂಡರು. ಆ ಫಿಲ್ಮ್ ಸುರುಳಿಯನ್ನು ಫ್ರಾನ್ಸಿನ ಮಾನವಶಾಸ್ತ್ರಜ್ಞೆ, ಸಹಬಂದಿನಿ ಜರ್ಮೇನ್ ಟಿಲಿಯೋಂ ಅವರು ಬಚ್ಚಿಟ್ಟು, ಬಿಡುಗಡೆಯಾದಾಗ ಹೊರತಂದರು.

1945ರ ಫೆಬ್ರವರಿಯಲ್ಲಿ, ಜರ್ಮನಿಯ ಸೋಲು ಸಮೀಪಿಸಿದಾಗ, ತಮ್ಮ ವಾಸದ ಕಟ್ಟಡವನ್ನು ಬಿಟ್ಟು ಹೋಗಕೂಡದೆಂದು ಅವರಿಗೆ ಆಜ್ಞೆಯಾಯಿತು. ಜೀವಂತ ಸಾಕ್ಷ್ಯವನ್ನು ಅಳಿಸುವ ಸಿದ್ಧತೆಯಿದೆಂದು ಎಲ್ಲರಿಗೂ ಅರಿವಾಯಿತು. ಆಗ ಬೇರೆ ಬೇರೆ ದೇಶಗಳ, ಭಾಷೆಗಳ ಬಂದಿನಿಯರು ಒಂದಾದರು. ಹಾಜರಿಯ ವೇಳೆಯಲ್ಲಿ ಸೋವಿಯತ್ ಬಂದಿನಿಯರು ವಿದ್ಯುದ್ದೀಪಗಳನ್ನು ಆರಿಸಿದರು. ಕತ್ತಲೆಯಲ್ಲಿ ‘ಮೊಲಗಳು’ ಚದುರಿಹೋದರು. ಕಟ್ಟಡಗಳ ಅಡಿಯಲ್ಲಿ, ಅಟ್ಟಗಳಲ್ಲಿ, ರೋಗಿಗಳ ನಡುವೆ ಅವರನ್ನು ಅಡಗಿಸಿಡಲಾಯಿತು. ಸತ್ತವರ ಸಂಖ್ಯೆಗಳನ್ನು ಧರಿಸಿ ಕೆಲವರು ಬದುಕಿದರು. ಪ್ರಯೋಗಗಳಿಂದ ಐವರು ಮೊದಲೇ ಮಡಿದಿದ್ದರು; ಆರು ಮಂದಿಯನ್ನು ಗಾಯ ಮಾಯುವ ಮುನ್ನವೇ ಕೊಲ್ಲಲಾಗಿತ್ತು. ಉಳಿದ 63 ಮಂದಿ ಬದುಕಿ ಉಳಿದರು.

ಅವರಲ್ಲಿ ನಾಲ್ವರು 1946ರ ಡಿಸೆಂಬರ್‌ನಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ನಿಂತು ತಮ್ಮ ಕಾಲಿನ ಕಲೆಗಳನ್ನು ತೋರಿಸಿ ಸಾಕ್ಷ್ಯ ನುಡಿದರು. ಗೆಬ್‌ಹಾರ್ಟ್‌ನಿಗೆ 1948ರ ಜೂನ್‌ನಲ್ಲಿ ಗಲ್ಲಾಯಿತು. ಮನುಷ್ಯನ ಮೇಲಿನ ಯಾವ ಪ್ರಯೋಗಕ್ಕೂ ಅವನ ಸ್ವಂತ ಒಪ್ಪಿಗೆ ಅತ್ಯಗತ್ಯವೆಂಬ ನಿಯಮವನ್ನು ಅದೇ ನ್ಯಾಯಾಲಯದ 1947ರ ತೀರ್ಪು ಸಾರಿತು.

ಇಂದು ಆಸ್ಪತ್ರೆಯಲ್ಲಿ ರೋಗಿಯ ಮುಂದೆ ಒಪ್ಪಿಗೆ ಪತ್ರವಿರಿಸಿ ಸಹಿ ಕೇಳುವಾಗ, ಆ ಕಾಗದದ ಹಿಂದೆ ಈ ಸ್ತ್ರೀಯರ ನೋವೂ ಇದೆ. ಅವರನ್ನು ಬಚ್ಚಿಟ್ಟ ಅನೇಕರ ಹೆಸರುಗಳು ಉಳಿದಿಲ್ಲ. ಅವರ ಬಳಿ ಇದ್ದುದು ಹಾಸಿಗೆಯ ಅರ್ಧ ಜಾಗ, ರೊಟ್ಟಿಯ ಒಂದು ತುಂಡು, ಸಿಕ್ಕಿಬಿದ್ದರೆ ಕಳೆದುಹೋಗುವ ಪ್ರಾಣ. ಅದನ್ನೇ ಅವರು ಕೊಟ್ಟರು.