ಕವಾಯತಿನ ಸಾಲಿನಲ್ಲಿ ಕಳೆದುಹೋದ ಪಾಠ

ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಒಂಟಿಕಾಲಲ್ಲಿ ಕುಂಟುವುದು. ಇವನ್ನೂ ಶಾಲೆಯಲ್ಲಿ ಕಲಿಸಬೇಕೆ? ಕಲಿಸಬೇಕು ಎಂಬ ತೀರ್ಮಾನಕ್ಕೆ ಬರಲು ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮಗುವಿನ ಮೈ ಯಾರ ಉಪಯೋಗಕ್ಕೆ ಎಂಬುದನ್ನು ಮೊದಲೇ ನಿರ್ಧರಿಸಿಬಿಟ್ಟದ್ದೇ ಈ ತಡಕ್ಕೆ ಕಾರಣ ಎಂದು ನನಗನ್ನಿಸುತ್ತದೆ. 1870ರ ಶಿಕ್ಷಣ ಕಾಯಿದೆಯ ಮರುವರ್ಷವೇ ಹುಡುಗರ ಕವಾಯತನ್ನು ಶಾಲಾ ಹಾಜರಿಯಲ್ಲಿ ಸೇರಿಸಿಕೊಳ್ಳಲು ಸರ್ಕಾರ ಒಪ್ಪಿತು. ಆದರೆ ಅದು ವಾರಕ್ಕೆ 2 ಗಂಟೆ, ವರ್ಷಕ್ಕೆ 20 ವಾರ ಮೀರುವಂತಿರಲಿಲ್ಲ. ಕಲಿಸಲು ಬಂದವರು ಸೇನೆಯ ಸಾರ್ಜೆಂಟರು. ಅವರಿಗೆ ದಿನಕ್ಕೆ 6 ಪೆನ್ನಿ ಕೂಲಿ, ಮೈಲಿಗೆ 1 ಪೆನ್ನಿ ಭತ್ಯೆ. ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಬಹಳಷ್ಟು ಮಂದಿ ದೇಹಪರೀಕ್ಷೆಯಲ್ಲಿ ಅನರ್ಹರಾದಾಗ ಮಕ್ಕಳ ಮೈಕಟ್ಟಿನ ಬಗ್ಗೆ ಆತಂಕ ಹೆಚ್ಚಿತು. 1902ರ ಮಾದರಿ ಪಾಠಕ್ರಮ ಸೇನೆಯ ತರಬೇತಿಯನ್ನೇ ಮಕ್ಕಳ ತಲೆಗೆ ಕಟ್ಟಿತು. ಟೀಕೆ ಬಂದು ಅದನ್ನು ಕೈಬಿಟ್ಟ ಮೇಲೆ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಪರಂಪರೆಯ ವ್ಯಾಯಾಮ ನೆಲೆಯೂರಿತು. ಸೈನಿಕನ ಜಾಗಕ್ಕೆ ವೈದ್ಯ ಬಂದು ಬೆನ್ನುಮೂಳೆ, ಎದೆ, ಉಸಿರಾಟಗಳತ್ತ ಗಮನ ಹರಿಯಿತು ನಿಜ. ಆದರೂ ಒಂದು ಅಪ್ಪಣೆಗೆ ಎಲ್ಲ ಕೈಗಳೂ ಒಟ್ಟಿಗೆ ಮೇಲೇಳುವ ಪದ್ಧತಿ ಹಾಗೆಯೇ ಉಳಿಯಿತು.

ಇಕ್ಕಟ್ಟಾದ ಅಂಗಳದಲ್ಲಿ, ತುಂಬಿ ತುಳುಕುವ ತರಗತಿಯಲ್ಲಿ ಇನ್ನೇನು ಮಾಡಲು ಸಾಧ್ಯವಿತ್ತು ಎಂದು ಕೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಕೊಳೆಗೇರಿಯ ಮಕ್ಕಳಿಗೆ ಆ ಕವಾಯತು ಒಂದಿಷ್ಟು ಗಾಳಿ, ಚಲನೆ ಕೊಟ್ಟಿತು. ಆದರೆ ಅದು ಏನನ್ನು ಕಲಿಸಲಾರದು ಎಂಬುದನ್ನು ತಿಳಿಯಲು ಚೆಂಡೆಸೆಯುವ ಮಗುವನ್ನು ಗಮನಿಸಿದರೆ ಸಾಕು. ಕಲಿಯದ ಮಗು ಗುರಿಗೆ ಎದೆಯೊಡ್ಡಿ ನಿಂತು, ಕಾಲು ಕದಲಿಸದೆ ಮೊಣಕೈಯಿಂದಷ್ಟೇ ಎಸೆಯುತ್ತದೆ. ಮುಂದಿನ ಹಂತದಲ್ಲಿ ಎಸೆಯುವ ಕೈ ಯಾವುದೋ ಅದೇ ಬದಿಯ ಕಾಲು ಮುಂದೆ ಬರುತ್ತದೆ. ಪಳಗಿದ ಮೇಲೆ ಪಕ್ಕಕ್ಕೆ ತಿರುಗಿ ನಿಂತು, ಎದುರು ಬದಿಯ ಕಾಲನ್ನು ಮುಂದಿಟ್ಟು, ಸೊಂಟವನ್ನೂ ಭುಜವನ್ನೂ ತಿರುಗಿಸಿ ಎಸೆಯುತ್ತದೆ. ಒಂದೇ ತರಗತಿಯ ಮಕ್ಕಳು ಈ ಮೂರೂ ಹಂತಗಳಲ್ಲಿರುತ್ತಾರೆ. ಎಲ್ಲರಿಗೂ ಒಂದೇ ಅಪ್ಪಣೆ ಕೊಟ್ಟರೆ ಯಾವ ಮಗುವಿಗೆ ಏನು ಹೇಳಬೇಕು ಎಂಬುದೇ ಕಾಣುವುದಿಲ್ಲ.

ಎರಡನೆಯ ಮಹಾಯುದ್ಧದ ನಂತರ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿತು. 1938ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ ನೃತ್ಯಚಿಂತಕ ರುಡಾಲ್ಫ್ ಲಾಬಾನರ ವಿಚಾರಗಳು ಶಿಕ್ಷಕಿಯರ ತರಬೇತಿ ಕಾಲೇಜುಗಳ ಮೂಲಕ ಹರಡಿದವು. 1952ರಲ್ಲಿ ಶಿಕ್ಷಣ ಸಚಿವಾಲಯವೇ ‘ಮೂವಿಂಗ್ ಅಂಡ್ ಗ್ರೋಯಿಂಗ್’ ಎಂಬ ಕೈಪಿಡಿ ಹೊರತಂದು ಅಪ್ಪಣೆಯ ಪಾಠಕ್ಕೆ ವಿದಾಯ ಹೇಳಿತು. ಬೆಂಚನ್ನು ಹೇಗೆಲ್ಲ ದಾಟಬಹುದು ಎಂದು ಕೇಳಿ ಮಗುವೇ ದಾರಿ ಹುಡುಕಲಿ ಎಂದು ಬಿಡುವ ಕ್ರಮ ಅದು. ಅದರ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅಲ್ಲಿ ಪ್ರತಿ ಮಗುವೂ ತನ್ನ ಮಟ್ಟದಿಂದಲೇ ಹೊರಟಿತು. ಆದರೆ ಹುಡುಕಾಟವೊಂದರಿಂದಲೇ ಚೆಂಡು ಹಿಡಿಯುವ ಕೈ ಪಳಗದು. ಅಮೆರಿಕದ ಸಂಶೋಧಕ ವರ್ನ್ ಸೀಫೆಲ್ಟ್ 1980ರಲ್ಲಿ ಇನ್ನೊಂದು ವಿಚಾರ ಮುಂದಿಟ್ಟರು: ಮೂಲ ಚಲನೆಗಳಲ್ಲಿ ಒಂದು ಮಟ್ಟ ಮುಟ್ಟದ ಮಕ್ಕಳಿಗೆ ಮುಂದಿನ ಆಟಗಳ ಬಾಗಿಲು ತೆರೆಯುವುದು ಕಷ್ಟ. 2014ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮವು ಐದರಿಂದ ಏಳು ವರ್ಷದ ಮಕ್ಕಳು ಓಟ, ಜಿಗಿತ, ಎಸೆತ, ಹಿಡಿತಗಳನ್ನು ಚೆನ್ನಾಗಿ ಕಲಿಯಬೇಕೆಂದು ಬರೆದೇ ಹೇಳುತ್ತದೆ.

ನಮ್ಮ ಮಕ್ಕಳು ಕುಂಟೆಬಿಲ್ಲೆ, ಲಗೋರಿ, ಚಿನ್ನಿದಾಂಡು ಆಡಿ ಇದನ್ನೆಲ್ಲ ತಾವಾಗಿ ಕಲಿಯಲಿಲ್ಲವೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಲಿತರು, ಆದರೆ ತಾವಾಗಿ ಅಲ್ಲ. ದೊಡ್ಡ ಮಕ್ಕಳು ಆಡುವುದನ್ನು ನೋಡಿ, ಅವರಿಂದ ಬೈಸಿಕೊಂಡು ತಿದ್ದಿಕೊಂಡು, ಸಂಜೆಯಿಡೀ ಅದನ್ನೇ ಮತ್ತೆ ಮತ್ತೆ ಮಾಡಿ ಕಲಿತರು. ಬೀದಿಯೇ ಶಾಲೆಯಾಗಿತ್ತು, ಮೇಷ್ಟರೂ ಇದ್ದರು. ಮನೆಗೆಲಸಕ್ಕೆ ಬೇಗ ಕೈಹಚ್ಚಬೇಕಾದ ಹೆಣ್ಣುಮಕ್ಕಳಿಗೆ ಆ ಶಾಲೆಯೂ ಪೂರ್ತಿ ಸಿಗಲಿಲ್ಲ. ಈಗ ಪೇಟೆಯ ಬೀದಿ ವಾಹನಗಳ ಪಾಲಾಗಿದೆ. ಡ್ರಿಲ್ ಪೀರಿಯಡ್ ಮಾತ್ರ ನಮ್ಮಲ್ಲಿನ್ನೂ ಉಳಿದಿದೆ, ಆಗಸ್ಟ್ 15 ಹತ್ತಿರವಾದಂತೆ ಸಾಲು ಇನ್ನಷ್ಟು ನೇರವಾಗುತ್ತದೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲದಿರುವುದು ಸಾಮಾನ್ಯ. ಅಲ್ಲಿ ಒಂದನೆಯ, ಎರಡನೆಯ ತರಗತಿಯ ಮೇಷ್ಟರೇ, ಟೀಚರೇ ಈ ಪಾಠ ಮಾಡಬೇಕು. ಅದಕ್ಕೆ ಬೇಕಾದದ್ದು ಬಟ್ಟೆಚೆಂಡು, ಸುಣ್ಣದ ಗೆರೆ, ಮಗು ಯಾವ ಕಾಲು ಮುಂದಿಟ್ಟಿತೆಂದು ನೋಡುವ ಕಣ್ಣು. ಶಿಕ್ಷಕರ ತರಬೇತಿಯಲ್ಲಿ ಆ ನೋಟಕ್ಕೊಂದು ಜಾಗ ಕೊಡಿ.